ಪಂಥದಲ್ಲಿ ಗೆದ್ದವರಾರು?

ಅದ್ಭುತ ಲೋಕದ ಸ್ಪರ್ಧೆಗಳನ್ನು ಬಣ್ಣಿಸುವ ಕಾದಂಬರಿಗಳಿಗೆ ಮಕ್ಕಳು ಮನಸೋತರೆ ಹಿರಿಯರು ಹಳಿಯಬೇಕಾಗಿಲ್ಲ. 2000ದಲ್ಲಿ ಪ್ರಕಟವಾದ ಹ್ಯಾರಿ ಪಾಟರ್ ಮಾಲೆಯ ನಾಲ್ಕನೆಯ ಕೃತಿ ಮಾಂತ್ರಿಕ ಶಾಲೆಗಳ ಪಂದ್ಯದ ಕಥೆ. ಎದುರಾಳಿಗಳಿಬ್ಬರು ಗೆಲುವಿನ ಬಟ್ಟಲನ್ನು ಒಟ್ಟಿಗೆ ಹಿಡಿಯುವ ಗಳಿಗೆಯೇ ಅದರ ಹಿರಿಮೆ.

15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯೂ ಪಂಥದ ಕಾವ್ಯವೇ. ಅಲ್ಲಮನನ್ನು ಸೋಲಿಸಲೆಂದು ಪಾರ್ವತಿ ತನ್ನ ತಾಮಸ ಕಳೆಯನ್ನು ಬನವಾಸಿಯಲ್ಲಿ ಮಾಯೆಯಾಗಿ ಹುಟ್ಟಿಸುತ್ತಾಳೆ. ಗೆಲ್ಲಹೊರಟ ಮಾಯೆ ಸೋಲುತ್ತಾಳೆ. ಅದೇ ಕಾವ್ಯದಲ್ಲಿ ಲಕ್ಕುಂಡಿಯ ಅಜಗಣ್ಣನ ತಂಗಿ ಮುಕ್ತಾಯಕ್ಕನೂ ಪ್ರಭುವಿಗೆ ಎದುರಾಗುತ್ತಾಳೆ. ಗೆಲ್ಲಲೆಂದಲ್ಲ, ಅಣ್ಣನನ್ನು ಅಗಲಿದ ಅಳಲಿನಲ್ಲಿ ಅರಿಯಲೆಂದು. ಸುಲಭವಾಗಿ ತಲೆಬಾಗದೆ ವಾದಿಸಿದ ಆಕೆಗೆ ದೊರೆತದ್ದು ಸೋಲಲ್ಲ, ಅರಿವು.

ಅಂಕಗಳ ಓಟದಲ್ಲಿ ಬಳಲುವ ಲಕ್ಕುಂಡಿಯ ಮಕ್ಕಳಿಗೆ ಈ ಭೇದವನ್ನು ತಿಳಿಸುವುದು ಗುರುಗಳ ಹೊಣೆ. ಎರಡೂ ಗ್ರಂಥಗಳನ್ನು ಅವರ ಕೈಗೆಟುಕಿಸುವುದು ದಾನಿಗಳ ಹೊಣೆ.