ಬೀಜಗಣಿತವೂ ಅಂಗಡಿಯ ಸರಕೆ?

ಬಡವರಿಗೆ ಒಳಿತಾಗಲೆಂದು ಮಾಡಿದ ಕಟ್ಟಳೆ ಕಡೆಗೆ ಉಳ್ಳವರ ಕೈಗೇ ಹೇಗೆ ಸೇರುತ್ತದೆಂಬುದಕ್ಕೆ ಅಮೆರಿಕೆಯ ಸಾನ್ ಫ್ರಾನ್ಸಿಸ್ಕೊ ನಗರ ಒಳ್ಳೆಯ ಪಾಠ ಹೇಳಿದೆ. ಅಲ್ಲಿ ಹೈಸ್ಕೂಲು ಒಂಬತ್ತನೆಯ ತರಗತಿಯಿಂದ ಮೊದಲಾಗುತ್ತದೆ. ಮಕ್ಕಳು ಎಂಟರಲ್ಲೇ ಬೀಜಗಣಿತ ಕಲಿಯುವ ಏರ್ಪಾಡು ಸರಕಾರಿ ಶಾಲೆಗಳಲ್ಲಿತ್ತು. 2014ರಲ್ಲಿ ಶಾಲಾ ಆಡಳಿತವು ಅದನ್ನು ಕೈಬಿಟ್ಟು, ಎಲ್ಲರೂ ಒಂಬತ್ತರಲ್ಲೇ ಕಲಿಯತಕ್ಕದ್ದೆಂದು ವಿಧಿಸಿತು.

ಉದ್ದೇಶ ಕೆಟ್ಟದ್ದಲ್ಲ. ಕಪ್ಪು ಜನರ ಹಾಗೂ ಲ್ಯಾಟಿನೊ ಕುಟುಂಬಗಳ ಮಕ್ಕಳು ಮೇಲಿನ ಗಣಿತದ ತರಗತಿಗಳಲ್ಲಿ ಕಡಿಮೆ, ನಪಾಸಾದವರಲ್ಲಿ ಹೆಚ್ಚು. ಈ ಅನ್ಯಾಯವನ್ನು ಅಳಿಸಬೇಕೆಂದು ಹೊರಟರು. ಆದರೆ ಲೆಕ್ಕ ತಪ್ಪಿತು.

ಅಲ್ಲಿನ ಗಣಿತ ಒಂದು ಏಣಿಯಿದ್ದಂತೆ. ಬೀಜಗಣಿತ, ರೇಖಾಗಣಿತ, ಮೇಲ್ಮಟ್ಟದ ಬೀಜಗಣಿತ, ಕ್ಯಾಲ್ಕುಲಸ್‌ಗೆ ಪೂರ್ವಪಾಠ: ಮೆಟ್ಟಲಿಗೊಂದು ವರ್ಷ. ಎಂಟರಲ್ಲಿ ಕಾಲಿಟ್ಟವನು ಹನ್ನೆರಡರಲ್ಲಿ ಕ್ಯಾಲ್ಕುಲಸ್ ಮುಟ್ಟುತ್ತಾನೆ. ಒಂಬತ್ತರಲ್ಲಿ ಕಾಲಿಟ್ಟವನಿಗೆ ಒಂದು ವರ್ಷ ಸಾಲದೆ ಬರುತ್ತದೆ. ಆ ಒಂದು ವರ್ಷವನ್ನು ಹಣವುಳ್ಳ ತಂದೆತಾಯಿಗಳು ಖಾಸಗಿ ಪಾಠದಲ್ಲಿ ಕೊಂಡುಕೊಂಡರು. ಕೊಳ್ಳಲಾರದವರ ಮಕ್ಕಳು ಒಂದೇ ವರ್ಷದಲ್ಲಿ ಎರಡು ಪಾಠ ಹೊರಬೇಕಾಯಿತು, ಇಲ್ಲವೆ ಏಣಿಯ ನಡುವೆಯೇ ನಿಂತರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪರಿಶೀಲಿಸಿದಾಗ, ಮೇಲಿನ ತರಗತಿಗಳಲ್ಲಿ ಜನಾಂಗಗಳ ನಡುವಣ ಅಂತರ ಹೆಚ್ಚೇನೂ ಕಿರಿದಾಗಿರಲಿಲ್ಲ. 2024ರ ಫೆಬ್ರವರಿಯಲ್ಲಿ ಶಾಲಾ ಮಂಡಳಿಯೇ ಬೀಜಗಣಿತವನ್ನು ಎಂಟಕ್ಕೆ ಮರಳಿಸಲು ತೀರ್ಮಾನಿಸಿತು. ಮಾರ್ಚಿಯಲ್ಲಿ ನಗರದ ಮತದಾರರಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿ ಅದನ್ನೇ ಬಯಸಿ ಮತ ನೀಡಿದರು.

ಹಾಗಾದರೆ ಎಲ್ಲ ಮಕ್ಕಳನ್ನೂ ಬೇಗ ಬೇಗ ಓಡಿಸಿಬಿಡೋಣವೆ? ಅದೂ ಸಲ್ಲದು. ಉತ್ತರ ಕೆರೊಲಿನದ ಷಾರ್ಲಟ್ ಪ್ರದೇಶದಲ್ಲಿ 2000ರ ದಶಕದ ಆದಿಯಲ್ಲಿ, ತಯಾರಿಲ್ಲದ ಮಕ್ಕಳನ್ನೂ ಎಂಟರಲ್ಲೇ ಬೀಜಗಣಿತಕ್ಕೆ ನೂಕಿದರು. ಅವರು ಮುಂದೆ ಹೋಗುವ ಬದಲು ಹಿಂದೆ ಬಿದ್ದರು. ಭಿನ್ನರಾಶಿ ಕೈಗೆ ಹತ್ತದವನಿಗೆ ಸಮೀಕರಣ ಹತ್ತೀತೆ? ನೂಲು ಗಟ್ಟಿಯಿಲ್ಲದೆ ಮಗ್ಗದ ವೇಗ ಹೆಚ್ಚಿಸಿದರೆ ಎಳೆ ಹರಿಯುವುದೆಂದು ನಮ್ಮ ಗಿರಣಿಯ ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಟೆಕ್ಸಾಸ್ ಸಮಾಜವಾದಿಗಳ ನಾಡಲ್ಲ. ಆದರೂ ಅದು 2023ರಲ್ಲಿ ಮಾಡಿದ ಕಾನೂನನ್ನು ನಾವು ಮೆಚ್ಚುತ್ತೇವೆ. ಐದನೆಯ ತರಗತಿಯ ಗಣಿತ ಪರೀಕ್ಷೆಯಲ್ಲಿ ಮೇಲಿನ ಶೇಕಡ 40ರೊಳಗೆ ಬಂದ ಮಗುವನ್ನು ಆರರಲ್ಲಿ ಮುಂದಿನ ಹಂತದ ಗಣಿತಕ್ಕೆ ಶಾಲೆಯೇ ಸೇರಿಸಬೇಕು. ಅರ್ಜಿ ಬೇಡ, ಶಿಫಾರಸು ಬೇಡ. ಬೇಡವೆನ್ನುವ ಹಕ್ಕು ಮಾತ್ರ ತಂದೆತಾಯಿಗಳಿಗುಂಟು. ಯಾರ ಬಾಗಿಲು ತಟ್ಟಬೇಕೆಂದು ತಿಳಿಯದ ಕೂಲಿಕಾರನ ಮಗಳಿಗೂ ಅಲ್ಲಿ ಬಾಗಿಲು ತಾನಾಗಿ ತೆರೆಯುತ್ತದೆ.

ಮಿಸಿಸಿಪ್ಪಿಯಲ್ಲಿ 1960ರ ದಶಕದಲ್ಲಿ ಕಪ್ಪು ಜನರ ಮತದ ಹಕ್ಕಿಗಾಗಿ ಹೋರಾಡಿದ ರಾಬರ್ಟ್ ಮೋಸೆಸ್, 1982ರಲ್ಲಿ ಬೀಜಗಣಿತ ಕಲಿಸುವ ಆಂದೋಲನ ಹೂಡಿದರು. ಅಂದು ಮತವಿದ್ದಂತೆ ಇಂದು ಗಣಿತ ಪೌರನ ಹಕ್ಕೆಂಬುದು 2021ರಲ್ಲಿ ತೀರಿಕೊಳ್ಳುವ ತನಕ ಅವರ ನಿಲುವಾಗಿತ್ತು.

ನಮ್ಮ ಅಭಿಪ್ರಾಯ ಸ್ಪಷ್ಟ. ಮುಂದಿರುವ ಮಗುವನ್ನು ತಡೆಯುವುದು ಸಮತೆಯಲ್ಲ. ಹಿಂದಿರುವ ಮಗುವನ್ನು ಬಿಟ್ಟು ಓಡುವುದು ಪ್ರಗತಿಯಲ್ಲ. ಆಯ್ಕೆ ಅಂಕದ ಮೇಲೆ ನಡೆಯಲಿ, ವಶೀಲಿಯ ಮೇಲಲ್ಲ. ತಯಾರಿ ಐದಾರನೆಯ ತರಗತಿಯಿಂದಲೇ ಆರಂಭವಾಗಲಿ. ತಡವಾಗಿ ಚುರುಕಾದವನಿಗೆ ನಡುವೆ ಸೇರುವ ದಾರಿಯೂ ಇರಲಿ. ಇವೆಲ್ಲ ಸರಕಾರಿ ಶಾಲೆಯಲ್ಲಿ, ಕಾಸಿಲ್ಲದೆ ದೊರೆಯಲಿ.

ದೂರದ ಊರಿನ ಸುದ್ದಿಯೆಂದು ಓದುಗರು ಇದನ್ನು ಮಡಿಸಿಡಬಾರದು. ಶಾಲೆ ಕೊಡದ ಪಾಠವನ್ನು ಟ್ಯೂಷನ್ನಿನ ಅಂಗಡಿ ಮಾರುತ್ತದೆ. ಆ ಅಂಗಡಿಯಲ್ಲಿ ಸಾಲ ಸಿಕ್ಕುವುದಿಲ್ಲ.