ಎರಡು ರಾಟೆಗಳು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಸೀಮೆ ಮಳೆಯನ್ನು ನಂಬಿ ಬದುಕುವ ಸೀಮೆ. ಇಲ್ಲಿ ನದಿಗಳಿಲ್ಲವೆಂದಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಕೊರಟಗೆರೆ, ಮಧುಗಿರಿಗಳ ನೆಲವನ್ನು ಹಾದುಹೋಗುತ್ತದೆ. ಪಾವಗಡದ ನಾಗಲಮಡಿಕೆಯ ಬಳಿ ಉತ್ತರ ಪಿನಾಕಿನಿಯ ಪಾತ್ರವಿದೆ. ಆದರೆ ವರ್ಷದ ಬಹುಕಾಲ ಅಲ್ಲಿ ಕಾಣುವುದು ನೀರಿಗಿಂತ ಹೆಚ್ಚಾಗಿ ಮರಳು. ಈ ಸೀಮೆಯ ಜನ ಮೀನನ್ನು ಕಂಡಿರುವುದು ಕೆರೆಗಳಲ್ಲಿಯೇ. 2022ರಂತೆ ಮಳೆ ಕೈಬಿಡದೆ ಸುರಿದು ಕೆರೆಗಳು ಕೋಡಿಬಿದ್ದ ವರ್ಷ ಏರಿಯ ಮೇಲೆ ಒಂದು ಜಾತ್ರೆಯೇ ನೆರೆಯುತ್ತದೆ. ಬಿದಿರಿನ ಕೋಲು, ನಾಲ್ಕು ಮಾರು ದಾರ, ಒಂದು ಬೆಂಡು, ಕೊಕ್ಕೆಗೆ ಸಿಕ್ಕಿಸಿದ ಎರೆಹುಳು: ಹಳ್ಳಿಯ ಹುಡುಗನಿಗೆ ಇಷ್ಟು ಸಾಕು.

ಪಟ್ಟಣದಿಂದ ರಜೆಗೆಂದು ಊರಿಗೆ ಬಂದ ಹುಡುಗನಿಗೆ ಇಷ್ಟು ಸಾಲದು. ಅವನಿಗೆ ಹೊಳೆಯುವ ರೀಲು ಬೇಕು. ಅಂಗಡಿಗೆ ಹೋದರೆ ಅಲ್ಲಿ ಎರಡು ಬಗೆ: ಒಂದು ಸ್ಪಿನ್ನಿಂಗ್ ರೀಲು, ಇನ್ನೊಂದು ಬೈಟ್‌ಕಾಸ್ಟಿಂಗ್ ರೀಲು. ಯಾವುದನ್ನು ಕೊಳ್ಳಬೇಕು? ಹುಡುಗನಿಗೆ ತಿಳಿಯದು, ಹಣ ಕೊಡಬೇಕಾದ ತಂದೆಗಂತೂ ಮೊದಲೇ ತಿಳಿಯದು.

ಗಾಳದ ವಿನೋದ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜರ ವಿನೋದಗಳನ್ನು ವಿವರಿಸುವಾಗ ಮತ್ಸ್ಯವಿನೋದಕ್ಕೂ ಸ್ಥಾನ ಕೊಟ್ಟಿದ್ದಾನೆ. ಮೀನಿನ ಜಾತಿಗಳೇನು, ಯಾವ ಮೀನಿಗೆ ಯಾವ ಆಹಾರ, ಕೋಲು ದಾರಗಳು ಹೇಗಿರಬೇಕು ಎಂಬುದೆಲ್ಲ ಅಲ್ಲಿದೆ. ಮೀನನ್ನು ಅರಿತು ಸಲಕರಣೆಯನ್ನು ಆರಿಸಬೇಕೆಂಬ ಆ ಕ್ರಮ ಇಂದಿಗೂ ಸಲ್ಲುತ್ತದೆ.

ರೀಲುಗಳ ಭೇದವನ್ನು ಅರಿಯಲು ಇಂಗ್ಲಿಷ್ ಪುಸ್ತಕಗಳು ಬೇಡ. ಕನ್ನಡದಲ್ಲಿ ರಾಟೆ ಎಂಬ ಮಾತಿಗೆ ಎರಡು ಅರ್ಥಗಳಿವೆ: ಒಂದು ಬಾವಿಯ ರಾಟೆ, ಇನ್ನೊಂದು ನೂಲುವ ರಾಟೆ. ಬೈಟ್‌ಕಾಸ್ಟಿಂಗ್ ರೀಲು ಬಾವಿಯ ರಾಟೆಯ ಬಳಗದ್ದು. ಎಸೆದ ಎರೆ ದಾರವನ್ನು ಸೆಳೆದಂತೆ ದಾರ ಸುತ್ತಿದ ಉರುಳೆಯೂ ಗಿರಗಿರನೆ ತಿರುಗಬೇಕು. ಸ್ಪಿನ್ನಿಂಗ್ ರೀಲಿನಲ್ಲಿ, ಎಸೆಯುವಾಗ ಉರುಳೆ ತಿರುಗುವುದೇ ಇಲ್ಲ. ನೂಲುವ ರಾಟೆಯ ಕದಿರಿನ ತುದಿಯಿಂದ ನೂಲು ಜಾರುವಂತೆ ದಾರ ಸುರುಳಿ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ಈ ಹೋಲಿಕೆ ಕೇವಲ ಕಲ್ಪನೆಯದಲ್ಲ. ನಿಂತ ಉರುಳೆಯ ರೀಲಿಗೆ 1905ರಲ್ಲಿ ಹಕ್ಕುಪತ್ರ ಪಡೆದ ಆಲ್ಫ್ರೆಡ್ ಇಲಿಂಗ್‌ವರ್ತ್ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯ ಮಾಲಿಕ. ತಿರುಗುವ ಉರುಳೆಯ ರೀಲಾದರೋ ಅದಕ್ಕಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ಕೆಂಟಕಿಯ ಗಡಿಯಾರ ಕೆಲಸಗಾರ ಜಾರ್ಜ್ ಸ್ನೈಡರ್ ಅದಕ್ಕೆ ರೂಪ ಕೊಟ್ಟವರಲ್ಲಿ ಮೊದಲಿಗ.

ಗುಣದೋಷಗಳು ಈ ರಚನೆಯಿಂದಲೇ ಹುಟ್ಟುತ್ತವೆ. ಬಾವಿಗೆ ಬಿಟ್ಟ ಕೊಡ ನೀರು ಮುಟ್ಟಿದ ಮೇಲೂ ರಾಟೆ ತಿರುಗುತ್ತಲೇ ಇದ್ದರೆ ಹಗ್ಗ ಸಡಿಲವಾಗಿ ಸಿಕ್ಕುಬೀಳುತ್ತದೆ. ಬೈಟ್‌ಕಾಸ್ಟಿಂಗ್ ರೀಲಿನ ಪಾಡೂ ಇದೇ. ಎರೆಯ ವೇಗ ತಗ್ಗಿದೊಡನೆ ಹೆಬ್ಬೆರಳಿನಿಂದ ಉರುಳೆಯನ್ನು ಒತ್ತಿ ಹಿಡಿಯದಿದ್ದರೆ ದಾರವೆಲ್ಲ ಗುಬ್ಬಚ್ಚಿಯ ಗೂಡಾಗುತ್ತದೆ. ಎದುರುಗಾಳಿಗೆ ಎಸೆದರಂತೂ ಎರೆ ನಡುವೆಯೇ ತಡೆಯುತ್ತದೆ, ಉರುಳೆ ಮಾತ್ರ ತಡೆಯದು. ಆಷಾಢದ ಗಾಳಿಯಲ್ಲಿ ಬಯಲು ಕೆರೆಯ ಏರಿಯ ಮೇಲೆ ನಿಂತ ಹೊಸಬನು ಮೀನು ಹಿಡಿಯುವುದಕ್ಕಿಂತ ಸಿಕ್ಕು ಬಿಡಿಸುವುದರಲ್ಲಿಯೇ ಸಂಜೆಯನ್ನು ಕಳೆದಾನು. ಹತ್ತು ಗ್ರಾಮಿಗಿಂತ ಹಗುರವಾದ ಎರೆ ಸಾಮಾನ್ಯವಾದ ಬೈಟ್‌ಕಾಸ್ಟಿಂಗ್ ಉರುಳೆಯನ್ನು ಸೆಳೆಯಲು ಸೋಲುತ್ತದೆ. ಸ್ಪಿನ್ನಿಂಗ್ ರೀಲಾದರೆ ಅದನ್ನೂ ಸಲೀಸಾಗಿ ದೂರಕ್ಕೆ ಒಯ್ಯುತ್ತದೆ. ಆದರೆ ಪಳಗಿದ ಹೆಬ್ಬೆರಳಿಗೆ ಬೈಟ್‌ಕಾಸ್ಟಿಂಗ್ ರೀಲು ಕೊಡುವ ಹಿಡಿತವೇ ಬೇರೆ. ತಾವರೆಯೆಲೆಗಳ ನಡುವಿನ ತಟ್ಟೆಯಗಲದ ನೀರಿಗೆ ಭಾರವಾದ ಎರೆಯನ್ನು ಇಳಿಸಬೇಕಾದರೆ, ಜೊಂಡಿನೊಳಗೆ ನುಗ್ಗಿದ ಬಲವಾದ ಮೀನನ್ನು ದಪ್ಪ ದಾರದಿಂದ ಎಳೆಯಬೇಕಾದರೆ, ಅದೇ ಮೇಲು.

ಇವೆರಡರ ತುಲನೆ ಅಮೆರಿಕದವರಲ್ಲಿ ಬಾಸ್ ಎಂಬ ಮೀನಿನ ಸುತ್ತ ನಡೆಯುತ್ತದೆ. ಆ ಮೀನು ಈ ಕೆರೆಗಳದ್ದಲ್ಲ. ಅದರ ಸ್ಥಾನದಲ್ಲಿ ಇಲ್ಲಿರುವುದು ಕೊರವ. ಪಾವಗಡದ ಕಡೆ ತೆಲುಗಾಡುವವರ ಬಾಯಲ್ಲಿ ಕೊರಮೀನು. ಜೊಂಡಿನಲ್ಲಿ ಹೊಂಚಿ, ಕಪ್ಪೆಯನ್ನೋ ಮರಿಮೀನನ್ನೋ ಕಂಡೊಡನೆ ಮೇಲೆ ಬೀಳುವ ಬೇಟೆಗಾರ ಅದು. ಕಾಟ್ಲಾ, ರೋಹುಗಳು ಹಾಗಲ್ಲ. ಅವು ಓಡುವ ಹುಸಿ ಎರೆಯ ಬೆನ್ನು ಹತ್ತುವುದು ಅಪರೂಪ. ಹಿಟ್ಟಿನ ಉಂಡೆಯನ್ನೋ ಕಡಲೆಕಾಯಿ ಹಿಂಡಿಯನ್ನೋ ಕಟ್ಟಿ ಕಾಯುವವನಿಗೆ ಸಾಧಾರಣ ಸ್ಪಿನ್ನಿಂಗ್ ರೀಲು ಧಾರಾಳ. ಆದಕಾರಣ ಮೊದಲ ರೀಲು ಸ್ಪಿನ್ನಿಂಗ್ ಆಗಿರಲಿ. ಕೈ ಕುದುರಿ, ಕೊರವದ ಹುಚ್ಚು ಹತ್ತಿದ ಮೇಲೆ ಇನ್ನೊಂದರ ಮಾತು. ಮನೆಯ ಹಣವೂ ಉಳಿದೀತು, ಹುಡುಗನ ಉತ್ಸಾಹವೂ ಉಳಿದೀತು.

ಆದರೆ ಅಂಗಡಿಯಲ್ಲಿ ಮುಗಿಯದ ಇನ್ನೊಂದು ಆಯ್ಕೆಯುಂಟು. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಬಣ್ಣದ ಮರಿಗಳ ಗುಂಪೊಂದು ಹನಿಬಿದ್ದಂತೆ ಗುಳುಗುಳಿಸುತ್ತ ಸಾಗುವುದು ಕಾಣುತ್ತದೆ. ಅವು ಕೊರವದ ಮರಿಗಳು. ಗಾಳಿಯನ್ನು ಗುಟುಕರಿಸಲು ಮೇಲೆ ಬರುತ್ತವೆ. ಅವುಗಳ ಕೆಳಗೆ ತಾಯಿತಂದೆಗಳ ಕಾವಲಿರುತ್ತದೆ. ಆ ಗುಂಪಿನ ನಡುವೆ ರಬ್ಬರಿನ ಕಪ್ಪೆಯೊಂದನ್ನು ಗುರಿಯಿಟ್ಟು ಎಸೆದರೆ ದೊಡ್ಡ ಮೀನು ತಟ್ಟನೆ ಬಂದು ಕಚ್ಚುತ್ತದೆ. ಅದು ಹಸಿವಿನಿಂದ ಕಚ್ಚಿದ್ದಲ್ಲ, ಮರಿಗಳ ಮೇಲಣ ಮಮತೆಯಿಂದ ಕಚ್ಚಿದ್ದು. ಕಾವಲು ತಪ್ಪಿದ ಮರಿಗಳು ಉಳಿದ ಮೀನುಗಳ, ನೀರುಹಕ್ಕಿಗಳ ಪಾಲಾಗುತ್ತವೆ. ಒಂದು ಮೀನಿನ ಬೆಲೆಗೆ ಒಂದು ಸಂತಾನವೇ ಹೋಗುತ್ತದೆ. ಗುರಿ ತಪ್ಪದ ರೀಲು ಈ ಕೆಲಸವನ್ನು ಸುಲಭಗೊಳಿಸುತ್ತದೆಯೇ ಹೊರತು ಸರಿಯಾಗಿಸುವುದಿಲ್ಲ.

ಆ ಸಂತಾನಕ್ಕೆ ಬೇರೆ ಹಕ್ಕುದಾರರೂ ಇದ್ದಾರೆ. ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆ ಹಿಡಿದು, ಮರಿ ಬಿಟ್ಟು, ಅದರಿಂದಲೇ ಸಂಸಾರ ನಡೆಸುವ ಮೀನುಗಾರರು ಅವರು. ಒಬ್ಬನ ವಿನೋದ ಇನ್ನೊಬ್ಬನ ಅನ್ನ. ಗಾಳ ಬಿಡುವ ಮೊದಲು ಅವರನ್ನು ಕಂಡು ಅನುಮತಿ ಕೇಳುವುದು ಮರ್ಯಾದೆಯೂ ಹೌದು, ನ್ಯಾಯವೂ ಹೌದು. ಕೇಳಿದವನಿಗೆ ಅವರು ಆಳದ ಮಡು ಎಲ್ಲಿ, ಜಾರುವ ಕಲ್ಲು ಎಲ್ಲಿ ಎಂಬುದನ್ನೂ ಹೇಳಿಯಾರು. ಈಜು ಬಾರದ ಹುಡುಗನ ತಾಯಿಗೆ ಅದು ಮೀನಿಗಿಂತ ದೊಡ್ಡ ಲಾಭ.

ಬಾವಿಯ ರಾಟೆಯೋ ನೂಲಿನ ರಾಟೆಯೋ, ಎರಡಕ್ಕೂ ಬೇಕಾದುದು ಹದವರಿತ ಕೈ. ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕೆಂಬುದನ್ನು ಬಲ್ಲವನಿಗೆ ಯಾವ ರೀಲಾದರೂ ಒಲಿದೀತು. ಮರಿಗಳ ಗುಂಪನ್ನು ಕಂಡು ಎತ್ತಿದ ಕೋಲನ್ನು ಇಳಿಸಿದವನು ಆ ಸಂಜೆ ಬರಿಗೈಯಲ್ಲಿ ಮನೆಗೆ ಹೋದಾನು. ಮುಂದಿನ ವರ್ಷ ಕೆರೆ ಅವನಿಗೆ ಬರಿದಾಗಿರದು.