ಎಂಜಿನ್ ಇಳಿಸುವ ಮೊದಲು

ಹಳೆಯ ಕಾರಿರುವ ಮನೆಯವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತೊಂದಿದೆ: “ಎಂಜಿನ್ ಇಳಿಸಬೇಕಾಗ್ತದೆ ಮೇಡಂ.” ಬಾನೆಟ್ಟು ಎತ್ತಿ, ಅರೆಗಳಿಗೆ ತಲೆ ಓರೆ ಮಾಡಿ ಸದ್ದು ಕೇಳಿ ಕೊಡುವ ಈ ತೀರ್ಪಿಗೆ ಮೇಲ್ಮನವಿಯೇ ಇಲ್ಲ. ಏಕೆ ಎಂದು ಕೇಳಿದರೆ, “ಯಜಮಾನರನ್ನ ಕಳಿಸಿ, ಅವರಿಗೆ ಹೇಳ್ತೀನಿ” ಎಂಬ ಉತ್ತರ. ಉತ್ತರಪತ್ರಿಕೆ ಬಿಚ್ಚದೆ ನಪಾಸು ಮಾಡುವ ಮೇಷ್ಟ್ರನ್ನು ಯಾವ ತಾಯಿ ಸುಮ್ಮನೆ ಬಿಡುತ್ತಾಳೆ? ಗ್ಯಾರೇಜಿನಲ್ಲಿ ಮಾತ್ರ ನಾವು ತಲೆಯಾಡಿಸಿ, ದುಡ್ಡೂ ಎಣಿಸಿ ಕೊಟ್ಟು ಬರುತ್ತೇವೆ.

ನಮ್ಮದು ಮಾವನವರ ಕಾಲದ ಅಂಬಾಸಿಡರ್. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನು ಮೂಲದಲ್ಲಿ ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ಎಂಜಿನ್ನು. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲೇ ಈ ಕಾರಿನ ತಯಾರಿಕೆ ನಿಂತಿತು. ಇಂದು ಅದರ ಒಳಹೊರಗು ಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ಹಾಗಾಗಿ ಇಟ್ಟುಕೊಂಡವರಿಗೇ ಒಂದಿಷ್ಟು ತಿಳಿದಿರಬೇಕು ಎಂಬುದು ನನ್ನ ವಾದ. ಅದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಆಯಿಲ್ ಪ್ರೆಶರ್ ಎನ್ನುವುದು ನಮ್ಮ ಬಿ.ಪಿ. ಇದ್ದ ಹಾಗೆ. ಪಂಪು ಎಣ್ಣೆಯನ್ನು ತಳ್ಳುತ್ತದೆ ಅಷ್ಟೆ. ಆ ಎಣ್ಣೆ ಬೇರಿಂಗುಗಳ ಕಿರಿದಾದ ಸಂದಿಯಲ್ಲಿ ನುಗ್ಗಿ ಹೋಗಬೇಕಲ್ಲ, ಅದರಿಂದ ಒತ್ತಡ ಹುಟ್ಟುತ್ತದೆ. ನಲ್ಲಿಯ ಪೈಪಿನ ಬಾಯಿಗೆ ಬೆರಳಿಟ್ಟು ಗಿಡಕ್ಕೆ ನೀರು ಹಾಯಿಸಿದವರಿಗೆ ಇದು ಹೊಸದಲ್ಲ. ಬೇರಿಂಗು ಸವೆದು ಸಂದಿ ದೊಡ್ಡದಾದರೆ ಒತ್ತಡ ಬೀಳುತ್ತದೆ, ನಿಜ. ಆದರೆ ಒತ್ತಡ ಬೀಳಲು ಬೇರೆ ಕಾರಣಗಳೂ ಉಂಟು. ಎಣ್ಣೆ ಕಡಿಮೆಯಾಗಿರಬಹುದು, ಪೆಟ್ರೋಲು ಸೇರಿ ತೆಳುವಾಗಿರಬಹುದು, ಡಿಪ್ ಸ್ಟಿಕ್ ಮೂಸಿದರೆ ವಾಸನೆಯೇ ಹೇಳುತ್ತದೆ. ರಿಲೀಫ್ ವಾಲ್ವಿನ ಸ್ಪ್ರಿಂಗು ಸೋತಿರಬಹುದು, ಅಥವಾ ಕಸ ಸಿಕ್ಕಿ ಆ ವಾಲ್ವು ತೆರೆದೇ ಉಳಿದಿರಬಹುದು. ಎಷ್ಟೋ ಸಲ ಒತ್ತಡ ಸರಿಯಾಗಿಯೇ ಇದ್ದು, ಕೆಂಪು ದೀಪ ಹೊತ್ತಿಸುವ ಪುಟ್ಟ ಸ್ವಿಚ್ಚೇ ಸುಳ್ಳು ಹೇಳುತ್ತಿರುತ್ತದೆ.

ನಮ್ಮ ಕಾರಿಗೆ ಆದದ್ದು ಇದೇ. ಎಂಜಿನ್ ಬಿಸಿಯಾಗಿ ಸಿಗ್ನಲ್ಲಿನಲ್ಲಿ ನಿಂತಾಗ ಕೆಂಪು ದೀಪ ಮಿನುಗುತ್ತಿತ್ತು. ಮೇಲಿನಿಂದ ಟಿಕ್ ಟಿಕ್ ಸದ್ದು ಬೇರೆ. ಒಂದು ವರ್ಕ್‌ಶಾಪಿನಲ್ಲಿ, ಗೇಜು ಹಾಕದೆ, ಕವರು ಬಿಚ್ಚದೆ, ಬೇರಿಂಗ್ ಹೋಗಿದೆ ಎಂದು ನಿರ್ಧರಿಸಿ ಖರ್ಚಿನ ಚೀಟಿ ಬರೆದೇ ಕೊಟ್ಟರು. ನಾನು ಚೀಟಿ ಮಡಿಸಿಟ್ಟುಕೊಂಡು, ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ನಮ್ಮ ಬೀದಿಯ ಹಿರಿಯ ಮೆಕ್ಯಾನಿಕ್ಕರನ್ನು ಕರೆದೆ. ಅವರು ಸ್ವಿಚ್ಚು ತೆಗೆದು ಆ ಜಾಗಕ್ಕೆ ಪ್ರೆಶರ್ ಗೇಜು ಸಿಕ್ಕಿಸಿದರು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ವೇಗ ಕೊಟ್ಟಾಗ ಸುಮಾರು 50 ಪೌಂಡು, ಸುಮ್ಮನೆ ನಿಂತಾಗ 20ಕ್ಕೆ ಸ್ವಲ್ಪ ಕಡಿಮೆ. ಇಷ್ಟು ವಯಸ್ಸಾದ ಎಂಜಿನ್ನಿಗೆ ಇನ್ನೇನು ಬೇಕು!

ಸದ್ದಿನ ವಿಚಾರಣೆ ಇನ್ನೂ ಸೊಗಸು. ಪ್ಲಗ್ಗಿನ ವೈರನ್ನು ಒಂದೊಂದಾಗಿ ಕಿತ್ತು ನೋಡಿದರು. ಕೆಳಗಿನ ಬಿಗ್ ಎಂಡ್ ಬೇರಿಂಗಿನ ಪೆಟ್ಟಾಗಿದ್ದರೆ ಆ ಸಿಲಿಂಡರು ಸುಮ್ಮನಾದಾಗ ಸದ್ದು ತಗ್ಗಬೇಕು. ತಗ್ಗಲಿಲ್ಲ. ಹಾಗಾದರೆ ಕಳ್ಳ ಇರುವುದು ಮೇಲೆ, ರಾಕರ್ ಕವರಿನ ಕೆಳಗೆ. ಅಲ್ಲಿ ಒಂದೇ ಶಾಫ್ಟಿನ ಮೇಲೆ ಎಂಟು ರಾಕರ್‌ಗಳು ಏತದಂತೆ ಏರಿಳಿಯುತ್ತ ವಾಲ್ವುಗಳನ್ನು ಒತ್ತುತ್ತವೆ. ಶಾಫ್ಟು ಟೊಳ್ಳು, ಎಣ್ಣೆ ಅದರೊಳಗೆ ಹರಿದು ಸಣ್ಣ ತೂತುಗಳಿಂದ ರಾಕರ್‌ಗಳಿಗೆ ಸೇರಬೇಕು. ಈ ತೂತುಗಳಲ್ಲಿ ಗಸಿ ಕಟ್ಟಿದರೆ ಗೇಜಿನಲ್ಲಿ ಒತ್ತಡ ಚೆನ್ನಾಗಿದ್ದರೂ ಮೇಲೆ ರಾಕರ್ ಒಣಗುತ್ತದೆ. ಕವರು ತೆಗೆದು ಎಂಜಿನ್ ನಿಧಾನವಾಗಿ ಓಡಿಸಿ, ಎಲ್ಲ ರಾಕರ್‌ಗಳಿಂದಲೂ ಎಣ್ಣೆ ಜಿನುಗುತ್ತಿದೆಯೇ ಎಂದು ಕಣ್ಣಾರೆ ನೋಡಬಹುದು.

ನಮ್ಮದರಲ್ಲಿ ಎಣ್ಣೆ ಬರುತ್ತಿತ್ತು. ಆದರೆ ಶಾಫ್ಟಿನ ಅಡಿಭಾಗ ಸವೆದು ಮೆಟ್ಟಿಲಾಗಿತ್ತು. ರಾಕರಿನ ಮೂತಿ ವಾಲ್ವನ್ನು ಮುಟ್ಟುವಲ್ಲಿ ಗುಳಿ ಬಿದ್ದಿತ್ತು. ಈ ಗುಳಿಯಿಂದಾಗುವ ಮೋಸ ಗೊತ್ತಿರಲಿ: ಸಂದಿ ಅಳೆಯುವ ಫೀಲರ್ ಗೇಜಿನ ಪಟ್ಟಿ ಗುಳಿಯ ಮೇಲೆ ಸೇತುವೆಯಂತೆ ಕೂರುತ್ತದೆ. ಅಳತೆ ಸರಿ ಎನಿಸುತ್ತದೆ, ಸದ್ದು ಮಾತ್ರ ಹೋಗುವುದಿಲ್ಲ. ಮೂರು ಸಲ ‘ಟ್ಯಾಪೆಟ್ ಸೆಟ್’ ಮಾಡಿಸಿಯೂ ಸದ್ದು ನಿಲ್ಲದಿದ್ದರೆ ಇದನ್ನು ಕೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಶಾಫ್ಟು, ಬುಷ್ಷು, ರಾಕರ್‌ಗಳು ಬಂದವು. ಒಂದು ಹೊಸ ಸ್ವಿಚ್ಚೂ ಬಂತು. ಎಂಜಿನ್ನು ಇದ್ದ ಜಾಗದಿಂದ ಅಲುಗಲಿಲ್ಲ.

ಟ್ಯಾಪೆಟ್ ಸೆಟ್ ಮಾಡುವ ಲೆಕ್ಕ ನನಗೆ ಬಲು ಇಷ್ಟವಾಯಿತು. ವಾಲ್ವುಗಳಿಗೆ ಮುಂದಿನಿಂದ 1ರಿಂದ 8 ಸಂಖ್ಯೆ ಕೊಡಿ. 8ನೆಯದು ಪೂರ್ತಿ ತೆರೆದಾಗ 1ನೆಯದನ್ನು ಅಳೆಯಬೇಕು, 6 ತೆರೆದಾಗ 3, 4 ತೆರೆದಾಗ 5. ಕೂಡಿದರೆ ಯಾವಾಗಲೂ 9. ಐದನೆಯ ತರಗತಿಯ ಹುಡುಗಿ ಮಾಡುವ ಲೆಕ್ಕಕ್ಕೆ ‘ಇದು ಹೆಂಗಸರಿಗೆ ತಿಳಿಯೋದಲ್ಲ’ ಎನ್ನುವವರಿಗೆ ಏನು ಹೇಳೋಣ?

ಇನ್ನು ಗಟ್ಟಿ ಎಣ್ಣೆಯ ವೈದ್ಯ. ದಪ್ಪ ಆಯಿಲು ಸುರಿದರೆ ಒತ್ತಡ ಏರುತ್ತದೆ, ಸದ್ದು ಅಡಗುತ್ತದೆ, ಕಾರು ಮಾರಿಹೋಗುತ್ತದೆ. ಸವೆತ ಅಲ್ಲೇ ಇರುತ್ತದೆ. ಆದ್ದರಿಂದ ಹಳೆ ಕಾರು ಕೊಳ್ಳುವಾಗ ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆಯೇ ಗೇಜು ಹಾಕಿಸಿ. ಮತ್ತೊಂದು ಮಾತು: ದೀಪದ ಸ್ವಿಚ್ಚು ಸುಳ್ಳು ಹೇಳುವುದುಂಟು ಎಂದು ದಾರಿಯಲ್ಲಿ ಅದನ್ನು ಕಡೆಗಣಿಸಬೇಡಿ. ಓಡುವಾಗ ದೀಪ ಹೊತ್ತಿದರೆ ಆ ಕ್ಷಣವೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಪರೀಕ್ಷೆ ಆಮೇಲೆ.

ಮೇಸ್ತ್ರಿಗಳೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಡಾಕ್ಟರು ನಾಡಿ ಹಿಡಿದದ್ದಕ್ಕೇ ಫೀಸು ಕೊಟ್ಟು ಬರುವ ನಾವು, ಮೇಸ್ತ್ರಿ ಒಂದು ಗಂಟೆ ಬಗ್ಗಿ ನೋಡಿದರೆ, “ನೋಡಿದ್ದಕ್ಕೂ ದುಡ್ಡೇ?” ಎನ್ನುತ್ತೇವೆ. ನೋಡುವುದಕ್ಕೆ ಬೆಲೆಯಿಲ್ಲದಿದ್ದರೆ ಬಿಚ್ಚುವುದರಲ್ಲೇ ಅವನ ಹೊಟ್ಟೆ ತುಂಬಬೇಕಲ್ಲವೆ? ಮುಂದಿನ ಸಲ ಕಾರು ಒಯ್ದಾಗ, ಪರೀಕ್ಷೆಗೆಂದೇ ಬೇರೆ ಕೂಲಿ ಮಾತಾಡಿ. ಗೇಜಿನ ಅಂಕಿ ಎರಡನ್ನೂ, ಓಡುವಾಗಿನದು ಮತ್ತು ನಿಂತಾಗಿನದು, ಚೀಟಿಯಲ್ಲಿ ಬರೆಸಿಕೊಳ್ಳಿ. ರಾಕರ್ ಕವರನ್ನು ನಿಮ್ಮ ಎದುರಿಗೇ ತೆಗೆಸಿ. ಯಜಮಾನರು ಮನೆಯಲ್ಲೇ ಇರಲಿ.